ಭರತೇಶನ ಧ್ಯಾನ ಮತ್ತು ‘ಜ್ಞಾನೋದಯ’ದ ಮಾತು

ಮೂಡಬಿದಿರೆಯ ರತ್ನಾಕರವರ್ಣಿಯು 16ನೆಯ ಶತಮಾನದಲ್ಲಿ ರಚಿಸಿದ ‘ಭರತೇಶ ವೈಭವ’ವು ಕನ್ನಡ ಜೈನ ಮನೆತನಗಳಲ್ಲಿ ಇಂದಿಗೂ ಆದರದಿಂದ ಓದಲ್ಪಡುವ ಕಾವ್ಯ. ಸುಮಾರು 10,000 ಸಾಂಗತ್ಯ ಪದ್ಯಗಳ ಈ ಕೃತಿಯಲ್ಲಿ ಷಟ್ಖಂಡಾಧಿಪತಿಯಾದ ಚಕ್ರವರ್ತಿಯು ಅರಮನೆಯಲ್ಲಿದ್ದುಕೊಂಡೇ ಕಣ್ಮುಚ್ಚಿ ತನ್ನೊಳಗಿನ ಹಂಸನನ್ನು ಕಾಣುತ್ತಾನೆ. ಧ್ಯಾನಶಿಬಿರಗಳ ಉಪನ್ಯಾಸಗಳಲ್ಲಿ ಈ ಚಿತ್ರವನ್ನು ಉದಾಹರಿಸುವುದುಂಟು. ಭರತೇಶನಿಗೆ ಭೋಗದ ನಡುವೆಯೇ ಜ್ಞಾನೋದಯವಾಯಿತು. ಆದುದರಿಂದ ವ್ರತನಿಯಮಗಳ ಹಂಗಿಲ್ಲದೆ ಧ್ಯಾನವೊಂದರಿಂದಲೇ ‘ಪ್ರಜ್ಞೆಯ ಜಾಗೃತಿ’ ಸಾಧ್ಯ ಎಂಬುದು ಅಲ್ಲಿ ಹೊರಡಿಸುವ ತಾತ್ಪರ್ಯ. ಕಾವ್ಯವಾಗಲಿ, ಕಾವ್ಯಕ್ಕೆ ಆಧಾರವಾದ ಶಾಸ್ತ್ರವಾಗಲಿ ಈ ತಾತ್ಪರ್ಯಕ್ಕೆ ಒಪ್ಪಿಗೆ ಕೊಡುವುದಿಲ್ಲ.

ಮೊದಲಿಗೆ ‘ಜ್ಞಾನೋದಯ’ವೆಂಬ ಮಾತನ್ನೇ ಪರಿಶೀಲಿಸಬೇಕು. ಜೈನ ಪರಿಭಾಷೆಯಲ್ಲಿ ದೂರದೂರವಾಗಿರುವ ಎರಡು ಸ್ಥಿತಿಗಳನ್ನು ಈ ಒಂದು ಮಾತು ಬೆರೆಸಿಬಿಡುತ್ತದೆ. ದೇಹ ಬೇರೆ, ಆತ್ಮ ಬೇರೆ ಎಂಬ ದೃಢವಾದ ಶ್ರದ್ಧೆ ಮೂಡುವುದು ಸಮ್ಯಗ್ದರ್ಶನ. ಅದು 4ನೆಯ ಗುಣಸ್ಥಾನದಲ್ಲಿಯೇ, ಅಂದರೆ ಇನ್ನೂ ಯಾವ ವ್ರತವನ್ನೂ ಕೈಗೊಳ್ಳದ ಜೀವನಿಗೂ ಲಭಿಸಬಹುದು. ಕೇವಲಜ್ಞಾನವು 13ನೆಯ ಗುಣಸ್ಥಾನದ್ದು. ಇವೆರಡರ ನಡುವೆ ಅಣುವ್ರತ, ಮಹಾವ್ರತ, ಕಷಾಯಗಳ ಕ್ರಮಕ್ರಮವಾದ ಕ್ಷಯ ಎಲ್ಲವೂ ಇವೆ. ನಡುವಿನ ಈ ದಾರಿಯನ್ನೇ ಬಿಟ್ಟು, ಆರಂಭದ ಹೆಸರನ್ನು ತುದಿಗೆ ಹಚ್ಚಿದರೆ ಕೇಳುವವರಿಗೆ ಸಂತೋಷವಾಗಬಹುದು, ದಾರಿ ತಿಳಿಯುವುದಿಲ್ಲ.

‘ಪ್ರಜ್ಞೆಯನ್ನು ಎಚ್ಚರಿಸುವುದು’ ಎಂಬ ಮಾತೂ ಹೀಗೆಯೇ. ಚೇತನವು ಜೀವದ ಲಕ್ಷಣ. ಅದರ ವ್ಯಾಪಾರವೇ ಉಪಯೋಗ. ನಿಗೋದದ ಜೀವದಲ್ಲಿಯೂ ಅದು ಸಂಪೂರ್ಣವಾಗಿ ನಂದುವುದಿಲ್ಲ. ಹಾಗಿರುವಾಗ ಎಚ್ಚರಿಸುವುದಕ್ಕಿಂತ ಮುಖ್ಯವಾದ ಪ್ರಶ್ನೆಯೆಂದರೆ ಉಪಯೋಗವು ಎತ್ತ ಹರಿಯುತ್ತಿದೆ ಎಂಬುದು. ಕುಂದಕುಂದಾಚಾರ್ಯರು ‘ಪ್ರವಚನಸಾರ’ದಲ್ಲಿ ಅಶುಭ, ಶುಭ, ಶುದ್ಧ ಎಂದು ಅದನ್ನು ವಿಂಗಡಿಸಿರುವುದು ಇದಕ್ಕಾಗಿಯೇ. ‘ತತ್ತ್ವಾರ್ಥಸೂತ್ರ’ದ 10ನೆಯ ಅಧ್ಯಾಯದ ಆರಂಭದಲ್ಲಿ ಉಮಾಸ್ವಾಮಿಗಳು ಹೇಳುವ ಕ್ರಮವನ್ನೂ ಇಲ್ಲಿ ನೆನೆಯಬೇಕು: ಮೊದಲು ಮೋಹನೀಯ ಕರ್ಮದ ಕ್ಷಯ, ಬಳಿಕ ಜ್ಞಾನಾವರಣ, ದರ್ಶನಾವರಣ, ಅಂತರಾಯಗಳ ಕ್ಷಯ, ಆಗ ಕೇವಲಜ್ಞಾನ. ಜ್ಞಾನದ ಮುಸುಕು ಸರಿಯುವ ಮೊದಲು ರಾಗದ್ವೇಷಗಳ ಬೇರು ಕಿತ್ತುಹೋಗಬೇಕು. ಚಾರಿತ್ರವನ್ನು ಬದಿಗಿಟ್ಟ ಜ್ಞಾನೋದಯಕ್ಕೆ ಈ ಕ್ರಮದಲ್ಲಿ ಎಡೆಯೇ ಇಲ್ಲ.

ಧ್ಯಾನದ ವಿಷಯದಲ್ಲಂತೂ ಜೈನ ಶಾಸ್ತ್ರದ ನಿಲುವು ಹೊಸ ಓದುಗರನ್ನು ಬೆರಗುಗೊಳಿಸುವಂಥದು. ಚಿತ್ತವು ಒಂದೇ ವಿಷಯದಲ್ಲಿ ನಿಲ್ಲುವುದು ಧ್ಯಾನ. ಅದು ಅಂತರ್ಮುಹೂರ್ತವನ್ನು, ಅಂದರೆ 48 ನಿಮಿಷಗಳ ಒಳಗಿನ ಕಾಲವನ್ನು, ಮೀರದು. ಆದರೆ ನಿಂತ ಮಾತ್ರಕ್ಕೆ ಅದು ಒಳ್ಳೆಯದಾಗುವುದಿಲ್ಲ. ಆರ್ತ, ರೌದ್ರ, ಧರ್ಮ್ಯ, ಶುಕ್ಲವೆಂಬ ನಾಲ್ಕರಲ್ಲಿ ಮೊದಲ ಎರಡು ಸಂಸಾರಕ್ಕೇ ಕಾರಣ. ಹಿಂಸೆ, ಅಸತ್ಯ, ಕಳವುಗಳಲ್ಲಿ ತಲ್ಲೀನನಾದವನೂ, ತನ್ನ ಸಂಪತ್ತನ್ನು ಕಾಯುವುದರಲ್ಲೇ ಮುಳುಗಿದವನೂ ಧ್ಯಾನಿಯೇ, ಅದು ರೌದ್ರಧ್ಯಾನ. ಪ್ರಿಯವಾದುದು ಅಗಲಿತೆಂದು, ಅಪ್ರಿಯವಾದುದು ಬಂದೊದಗಿತೆಂದು ಕೊರಗುವುದು, ನೋವು ನೀಗಲೆಂದು ಹಂಬಲಿಸುವುದು, ಮುಂದಿನ ಭೋಗಕ್ಕಾಗಿ ಸಂಕಲ್ಪಿಸುವ ನಿದಾನ — ಇವು ಆರ್ತಧ್ಯಾನದ ನಾಲ್ಕು ಬಗೆಗಳು. ಮನಸ್ಸಿನ ಒತ್ತಡ ಇಳಿಯುತ್ತದೆ, ವ್ಯಾಪಾರದಲ್ಲಿ ಏಕಾಗ್ರತೆ ಹೆಚ್ಚುತ್ತದೆ, ಮಕ್ಕಳು ಹೆಚ್ಚು ಅಂಕ ಗಳಿಸುತ್ತಾರೆ ಎಂದು ಶಿಬಿರದ ಕರಪತ್ರ ಹೇಳಿದರೆ, ಅದು ಯಾವ ಧ್ಯಾನಕ್ಕೆ ಕರೆಯುತ್ತಿದೆ ಎಂಬುದನ್ನು ಈ ಪಟ್ಟಿಯೊಡನೆ ಹೋಲಿಸಿ ನೋಡಬಹುದು. ಆರೋಗ್ಯಕ್ಕೆ ಉಪಕಾರಿಯಾದುದನ್ನು ಆರೋಗ್ಯದ ಹೆಸರಿನಲ್ಲಿಯೇ ಕಲಿಸಲಿ, ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಮೋಕ್ಷಮಾರ್ಗದ ಹೆಸರನ್ನು ಅದಕ್ಕೆ ಅಂಟಿಸುವುದು ಮಾತ್ರ ಸಲ್ಲದು. ಆಚಾರ್ಯ ತುಲಸಿ ಮತ್ತು ಆಚಾರ್ಯ ಮಹಾಪ್ರಜ್ಞರ ನೇತೃತ್ವದಲ್ಲಿ 1975ರ ಸುಮಾರಿಗೆ ರೂಪುಗೊಂಡ ಪ್ರೇಕ್ಷಾಧ್ಯಾನವು ಆಧುನಿಕರಿಗಾಗಿ ಸರಳಗೊಂಡರೂ ಕಾಯೋತ್ಸರ್ಗ, ಅನುಪ್ರೇಕ್ಷೆಗಳನ್ನು ಉಳಿಸಿಕೊಂಡಿತು. ಆ ಮಟ್ಟಿಗೆ ಅದು ಪರಂಪರೆಗೆ ಹತ್ತಿರವಾಗಿದೆ.

ಇನ್ನು ಭರತೇಶನ ಕಡೆಗೆ. ರತ್ನಾಕರನ ಚಕ್ರವರ್ತಿ ಭೋಗಿಯೆಂಬುದು ನಿಜ. ಕಾವ್ಯದ ಮೊದಲ ಭಾಗದ ಹೆಸರೇ ‘ಭೋಗವಿಜಯ’. ಆದರೆ ಆ ಸಮಾಸದ ಉತ್ತರಪದ ಓದುಗರ ಕಣ್ತಪ್ಪುತ್ತಿದೆ. ಅದೇ ಭಾಗದಲ್ಲಿ ಚಕ್ರವರ್ತಿಯು ಊಟಕ್ಕೆ ಮೊದಲು ಮುನಿಗಳ ಆಗಮನವನ್ನು ಎದುರುನೋಡುತ್ತಾನೆ, ಅವರಿಗೆ ಆಹಾರದಾನ ಮಾಡಿದ ಮೇಲೆಯೇ ತಾನು ಉಣ್ಣುತ್ತಾನೆ, ಪರ್ವದಿನಗಳಲ್ಲಿ ರಾಣಿಯರೊಡನೆ ವ್ರತಸ್ಥನಾಗಿ ಧ್ಯಾನದಲ್ಲಿ ತೊಡಗುತ್ತಾನೆ. ತಮ್ಮನಾದ ಬಾಹುಬಲಿಯೊಡನೆ ಕಲಹ ಬಂದಾಗ, ಪೂರ್ವಕವಿಗಳ ಭರತನಂತೆ ಚಕ್ರವನ್ನು ಪ್ರಯೋಗಿಸದೆ ಮೃದುವಾದ ಮಾತಿನಿಂದಲೇ ತಮ್ಮನನ್ನು ಗೆಲ್ಲುತ್ತಾನೆ. ಪುರಾಣದ ಕಥೆಯನ್ನು ಕವಿಯು ಇಷ್ಟು ಧೈರ್ಯದಿಂದ ಬದಲಿಸಿದ್ದೇಕೆ? ಆತ್ಮಧ್ಯಾನಿಯಾದವನ ಕೈಯಲ್ಲಿ ತಮ್ಮನ ಮೇಲೆ ಆಯುಧ ಏಳುವುದು ಅವನಿಗೆ ಅಸಂಗತವಾಗಿ ಕಂಡಿರಬೇಕು. ಧ್ಯಾನವು ನಡತೆಯಲ್ಲಿ ಕಾಣದಿದ್ದರೆ ಅದನ್ನು ನಂಬಬಾರದೆಂಬ ಕವಿಯ ವಿವೇಕ ಈ ಬದಲಾವಣೆಯಲ್ಲಿದೆ. ಕಥೆಯ ಕಾವು ಇದರಿಂದ ತಗ್ಗಿತೆಂಬ ವಿಮರ್ಶಕರ ಆಕ್ಷೇಪದಲ್ಲಿ ಹುರುಳಿದ್ದರೂ ಈ ವಿವೇಕವನ್ನು ಕಡೆಗಣಿಸಲಾಗದು.

ಇಷ್ಟೆಲ್ಲ ಹೊಗಳಿದ ನಾಯಕನಿಗೂ ರತ್ನಾಕರನು ಸಿಂಹಾಸನದ ಮೇಲೆ ಕೇವಲಜ್ಞಾನವನ್ನು ಕೊಡಲಿಲ್ಲ. ಶ್ವೇತಾಂಬರ ಪರಂಪರೆಯಲ್ಲಿ ಭರತನಿಗೆ ಕನ್ನಡಿಯ ಮಂದಿರದಲ್ಲಿಯೇ, ಬೆರಳಿನ ಉಂಗುರ ಜಾರಿದ ನೆಪದಿಂದ, ಕೇವಲಜ್ಞಾನವಾಯಿತೆಂಬ ಕಥೆಯಿದೆ. ಜಿನಸೇನಾಚಾರ್ಯರ ದಾರಿಯಲ್ಲಿ ನಡೆದ ಕನ್ನಡ ಕವಿಯು ಮಾತ್ರ ಅವನಿಂದ ರಾಜ್ಯವನ್ನು ಬಿಡಿಸಿ, ದೀಕ್ಷೆ ವಹಿಸಿದ ಬಳಿಕವೇ ಅದನ್ನು ಉಂಟುಮಾಡುತ್ತಾನೆ. ಭೋಗದ ನಡುವಿನ ಧ್ಯಾನವು ದೀಕ್ಷೆಗೆ ಸಿದ್ಧತೆಯಾಯಿತು, ದೀಕ್ಷೆಗೆ ಬದಲಾಗಲಿಲ್ಲ.

ಬಾಹುಬಲಿಯ ವೃತ್ತಾಂತ ಇದರ ಇನ್ನೊಂದು ಮುಖ. ವರ್ಷವಿಡೀ ಅಲುಗದೆ ನಿಂತ ಆತನ ಮೈಗೆ ಬಳ್ಳಿ ಹಬ್ಬಿತು, ಪಾದದ ಬಳಿ ಹುತ್ತ ಬೆಳೆಯಿತು. ಆದರೂ ಅಣ್ಣನ ವಿಷಯದ ಒಂದು ಸೂಕ್ಷ್ಮ ಶಲ್ಯ ಕರಗುವವರೆಗೆ ಕೇವಲಜ್ಞಾನ ದೊರೆಯಲಿಲ್ಲ. ಇತ್ತ ಭರತನಿಗೆ ದೀಕ್ಷೆಯಾದ ಮೇಲೆ ಅಂತರ್ಮುಹೂರ್ತ ಸಾಕಾಯಿತು. ಕುಳಿತ ಗಂಟೆಗಳನ್ನೂ ಮುಗಿಸಿದ ಶಿಬಿರಗಳನ್ನೂ ಎಣಿಸುವ ಲೆಕ್ಕಕ್ಕೆ ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನ ಮೈಮೇಲಿನ ಆ ಬಳ್ಳಿಗಳೇ ಉತ್ತರ ಹೇಳುವಂತಿವೆ.

ಈ ಪಂಚಮಕಾಲದಲ್ಲಿ ಶುಕ್ಲಧ್ಯಾನವಿಲ್ಲದಿದ್ದರೂ ಧರ್ಮ್ಯಧ್ಯಾನವುಂಟೆಂದು ಆಚಾರ್ಯರು ಭರವಸೆ ಕೊಟ್ಟಿದ್ದಾರೆ. ಅದಕ್ಕೆ ಗೃಹಸ್ಥರ ಕೈಗೆಟಕುವ ಸಾಧನವೂ ಇದೆ: ಸಾವದ್ಯ ಕಾರ್ಯಗಳನ್ನು ಬಿಟ್ಟು ಎರಡು ಘಳಿಗೆ, ಅಂದರೆ 48 ನಿಮಿಷ, ಕುಳಿತುಕೊಳ್ಳುವ ಸಾಮಾಯಿಕ. ಶಿಬಿರಗಳಿಗೆ ಬಸದಿಯ ಸಭಾಂಗಣವನ್ನು ತೆರೆದುಕೊಡುವ ಟ್ರಸ್ಟುಗಳು, ಬರುವ ಬೋಧಕರಲ್ಲಿ ಅಣುವ್ರತಗಳ ಪಾಠಕ್ಕೆ ಎಷ್ಟು ಹೊತ್ತು ಮೀಸಲಿದೆಯೆಂದು ಮೊದಲೇ ವಿಚಾರಿಸುವುದು ಯುಕ್ತ. ಭರತೇಶನ ಹೆಸರನ್ನು ಕರಪತ್ರದಲ್ಲಿ ಮುದ್ರಿಸುವುದಾದರೆ, ಅವನು ದೀಕ್ಷೆ ವಹಿಸುವ ಪ್ರಸಂಗವನ್ನೂ ಶಿಬಿರದ ಒಂದು ಸಂಜೆ ಓದಿಸಬಹುದು.