ನಾಳೆಯ ಕಕ್ಕಸು ಬಾಚೋರು ಯಾರು?

ಜಗತ್ತಿನ ಶ್ರೇಷ್ಠ ವೈಜ್ಞಾನಿಕ ಚಿತ್ರ ಯಾವುದು ಎಂದು ದೊಡ್ಡವರು ಆಗಾಗ ಪಟ್ಟಿ ಮಾಡುತ್ತಾರೆ. 2004ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ವಿಜ್ಞಾನಿಗಳನ್ನು ಕೇಳಿದಾಗ ರಿಡ್ಲಿ ಸ್ಕಾಟ್‌ನ ‘ಬ್ಲೇಡ್ ರನ್ನರ್’ (1982) ಮೊದಲು ಬಂತು, ಕ್ಯೂಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ (1968) ಎರಡನೆಯದಾಯಿತು. 2008ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ‘2001’ಕ್ಕೆ ಮೊದಲ ಮಣೆ ಹಾಕಿ, ‘ಬ್ಲೇಡ್ ರನ್ನರ್’ನ್ನು ಆರಕ್ಕೆ ಕೂರಿಸಿತು. ‘ಶೋಲೆ’ಗೆ (1975) ರಾಮನಗರದ ಬಂಡೆಗಳು ಬೇಕಾದವು; ಇಂಥ ಪಟ್ಟಿಗಳಿಗೆ ಆ ಬಂಡೆಗಳ ಬುಡದ ಜನ ಬೇಡ. ಆಗಲಿ. ಕೈಲಾಂಚದ ಕಡೆಯ ನಾವು ನಮ್ಮದೇ ಅಳತೆಗೋಲು ಹಿಡಿಯುತ್ತೇವೆ: ಚಿತ್ರ ತೋರಿಸುವ ನಾಳೆಯಲ್ಲಿ ಹೊಲಸು ಕೆಲಸ ಮಾಡೋರು ಯಾರು?

‘2001’ರಲ್ಲಿ ಆಕಾಶನೌಕೆಯ ಕಕ್ಕಸಿನ ಮುಂದೆ ಒಬ್ಬ ದೊಡ್ಡ ಮನುಷ್ಯ ಉದ್ದದ ಸೂಚನಾ ಫಲಕ ಓದುತ್ತಾ ನಿಲ್ಲುತ್ತಾನೆ. ನೋಡಿದವರು ನಗುತ್ತಾರೆ. ಅದನ್ನು ತೊಳೆಯೋನು ಚಿತ್ರದಲ್ಲಿ ಎಲ್ಲೂ ಇಲ್ಲ. ವಾನರ ಎಸೆದ ಮೂಳೆ ಮರುಕ್ಷಣ ಆಕಾಶನೌಕೆಯಾಗುತ್ತದೆ. ನಡುವೆ ಗೇಯ್ದು ಸತ್ತ ತಲೆಮಾರುಗಳೆಲ್ಲ ಒಂದೇ ಕತ್ತರಿಗೆ ಮಾಯ. ಕಲೆ ದೊಡ್ಡದು, ನಿಜ. ನಮ್ಮಲ್ಲಿ ಅದಕ್ಕೆ ಮೂರನೆಯ ಜಾಗ.

ಎರಡನೆಯದು ಫ್ರಿಟ್ಜ್ ಲಾಂಗ್‌ನ ‘ಮೆಟ್ರೊಪೊಲಿಸ್’ (1927). ದುಡಿಯೋರು ನೆಲದಡಿಯ ಊರಲ್ಲಿ, ಒಡೆಯರು ಮೇಲೆ ತೋಟದಲ್ಲಿ. ಊರು-ಕೇರಿ ಬಲ್ಲ ನಮಗೆ ಈ ನಕ್ಷೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಕೊನೆಗೆ ತಲೆಗೂ ಕೈಗೂ ನಡುವೆ ಹೃದಯ ಬಂದರೆ ಸಾಕಂತೆ! ಪುರುಷಸೂಕ್ತದ ಬಾಯಿ, ತೋಳು, ತೊಡೆ, ಪಾದದ ಲೆಕ್ಕ ಕೇಳಿ ಬೆಳೆದವರಿಗೆ ಈ ಮೈಯ ಕತೆ ಹೊಸದೆ? ತಲೆ ತಲೆಯಾಗೇ ಉಳೀತು, ಕೈ ಕೈಯಾಗೇ ಉಳೀತು. ರಾಮನಗರದಲ್ಲಿ ಕುದಿನೀರಿಗೆ ಬೆರಳದ್ದಿ ರೇಷ್ಮೆಗೂಡಿನ ಎಳೆ ಹುಡುಕಿದವರನ್ನು ಕೇಳಿ, ಕೈಗೆ ಬೇಕಾದ್ದು ಒಡೆಯನ ಹೃದಯವೋ, ಸರಿಯಾದ ಕೂಲಿಯೋ ಎಂದು. ಆ ಮುಕ್ತಾಯ ಆಮೇಲೆ ಲಾಂಗ್‌ಗೇ ಹಿಡಿಸಲಿಲ್ಲ.

ಮೊದಲ ಜಾಗ ‘ಬ್ಲೇಡ್ ರನ್ನರ್’ಗೆ. ಅದರ ರೆಪ್ಲಿಕೆಂಟುಗಳು ಬೇರೆ ಲೋಕಗಳಲ್ಲಿ ಜೀತ ಮಾಡಲೆಂದೇ ತಯಾರಾದವರು. ಆಯಸ್ಸು ನಾಲ್ಕೇ ವರ್ಷ. ಭೂಮಿಗೆ ಕಾಲಿಟ್ಟರೆ ಗುಂಡು. ಅದನ್ನು ಕೊಲೆ ಅನ್ನೋದಿಲ್ಲ, ‘ನಿವೃತ್ತಿ’ ಅನ್ನುತ್ತಾರೆ. ಹುಟ್ಟೇ ಅಪರಾಧವಾಗೋದು ಹೇಗೆಂದು ನಾವು ಬಲ್ಲೆವು. ಕಡೆಗೆ ಬೇಟೆಗಾರ ಜಾರಿ ಬೀಳುವಾಗ ಅವನ ಕೈಹಿಡಿದು ಎತ್ತುವವನು ಬೇಟೆಯಾಗಬೇಕಿದ್ದವನೇ. ಮನುಷ್ಯ ಯಾರು ಅನ್ನೋ ಪ್ರಶ್ನೆಗೆ ಇಷ್ಟು ನೇರ ಉತ್ತರ ಬೇರೆ ಪಟ್ಟಿಗಳಲ್ಲಿ ಹುಡುಕಬೇಕು.

ಕನ್ನಡದ ಮಾತೇನು? ದಿನೇಶ್ ಬಾಬು ನಿರ್ದೇಶನದ ‘ಹಾಲಿವುಡ್’ನಲ್ಲಿ (2002) ಉಪೇಂದ್ರ ಯಂತ್ರಮಾನವನಾದರು. ಯಂತ್ರ ನಾಯಕಿಯನ್ನು ಪ್ರೀತಿಸಿತು. ಪ್ರೀತಿಸಲಿ, ನಾವು ಬೇಡ ಅನ್ನೋರಲ್ಲ. ಆದರೆ ನಮ್ಮ ಪರದೆಯ ಯಂತ್ರಮಾನವ ಮ್ಯಾನ್‌ಹೋಲಿಗೆ ಇಳಿದದ್ದನ್ನು ನಾವು ಕಂಡಿಲ್ಲ. ಪರದೆಯ ಹೊರಗೆ ಅದು ಇಳಿದಾಗಿದೆ: ಕೇರಳದ ಎಳೆಯ ಇಂಜಿನಿಯರುಗಳ ‘ಬ್ಯಾಂಡಿಕೂಟ್’ ಯಂತ್ರ 2018ರಲ್ಲೇ ತಿರುವನಂತಪುರದಲ್ಲಿ ಕೆಲಸಕ್ಕಿಳಿಯಿತು. ಮನುಷ್ಯರಿಂದ ಮಲ ಬಾಚಿಸಬಾರದೆಂದು 2013ರಲ್ಲಿ ಕಾನೂನೂ ಬಂತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿಯಿತು. ಆಮೇಲೂ ನಮ್ಮವರು ಗುಂಡಿಗಿಳಿದು ಉಸಿರುಗಟ್ಟಿ ಸತ್ತಿದ್ದಾರೆ. ಯಂತ್ರ ಇದೆ, ಕಾನೂನು ಇದೆ. ಆ ಜೀವ ತನ್ನದೇ ಎಂದುಕೊಳ್ಳೋ ಮನಸ್ಸು ಊರಿಗೆ ಹುಟ್ಟಿಲ್ಲ. ಆ ಮನಸ್ಸು ಹುಟ್ಟಿಸದ ಸಿನಿಮಾ ನಕ್ಷತ್ರಗಳಾಚೆ ಹೋಗಿ ಬಂದರೇನು?

ಮೇಷ್ಟ್ರೇ, ವಿದ್ಯಾರ್ಥಿ ಗೆಳೆಯರೇ, ಶ್ರೇಷ್ಠ ಚಿತ್ರಗಳ ಪಟ್ಟಿ ಕೈಗೆ ಬಂದಾಗ ಈ ಕೋಲಿಟ್ಟು ಅಳೆಯಿರಿ. ನಮ್ಮ ಪಟ್ಟಿಯನ್ನೂ ಬಿಡಬೇಡಿ.