ಹೋಟೆಲಿನ ನೆನಪು ಯಾರದ್ದು?

ಮುಚ್ಚಿಹೋದ ಹೋಟೆಲುಗಳ ಬಗೆಗಿನ ಲೇಖನಗಳನ್ನು ನಾನು ಬಿಡದೆ ಓದುತ್ತೇನೆ. ಬೆಂಗಳೂರಿನ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಎಂ.ಜಿ. ರಸ್ತೆ ಬಿಟ್ಟಾಗ, ಮಲ್ಲೇಶ್ವರದ ನ್ಯೂ ಕೃಷ್ಣ ಭವನ 2024ರಲ್ಲಿ ಮುಚ್ಚಿದಾಗ ಎಷ್ಟೊಂದು ಬಂದವು! ದೋಸೆಯ ಬಣ್ಣ, ಕಾಫಿಯ ಪರಿಮಳ, ಗಂಟೆಗಟ್ಟಲೆ ಹರಟೆ. ಬಾಯಲ್ಲಿ ನೀರೂರುವುದು ನಿಜ. ಆದರೆ ಆ ಹರಟೆಯ ಮೇಜಿನಲ್ಲಿ ಹೆಂಗಸರೆಲ್ಲಿ?

ನಮಗಿದ್ದದ್ದು ‘ಫ್ಯಾಮಿಲಿ ರೂಮು’; ಅರ್ಧ ಬಾಗಿಲು, ಮಾಸಿದ ಪರದೆ. ಇಚಿಲಂಪಾಡಿಯಿಂದ ಪುತ್ತೂರಿಗೆ ಸೀರೆ ತರಲು ಹೋದ ನಮ್ಮ ತಾಯಂದಿರು, ಜೊತೆಗೆ ಗಂಡಸರಿಲ್ಲದಿದ್ದರೆ ಹೋಟೆಲಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಹಸಿದುಕೊಂಡೇ ಬಸ್ಸು ಹತ್ತುತ್ತಿದ್ದರು. ಈ ಮಾತು ಯಾವ ಲೇಖನದಲ್ಲೂ ನನಗೆ ಸಿಗಲಿಲ್ಲ.

ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಸ್ವಲ್ಪ ಬೇರೆ. ನಮ್ಮ ಉಡುಪಿ ಕಡೆಯ ಕೃಷ್ಣರಾಯರು 1962ರಲ್ಲಿ ಮರಗಳ ನಡುವೆ ತೆರೆದದ್ದು. ಕಾರಿನಲ್ಲೇ ಕುಳಿತು ಮನೆಮಂದಿಯೆಲ್ಲ ತಿನ್ನಬಹುದಿತ್ತು (ಕಾರು ಇದ್ದವರು ಎನ್ನಿ!). 2008ರಲ್ಲಿ ಅದೂ ಹೋಯಿತು. ಅದರ ಕುರಿತ ಬರಹಗಳಲ್ಲಿ ಅಮ್ಮ, ಅಜ್ಜಿ, ಮಕ್ಕಳು ಕಾಣುತ್ತಾರೆ. ನನಗೆ ಅವೇ ಹೆಚ್ಚು ಇಷ್ಟ.

ಅಡುಗೆಮನೆಯಂತೂ ಯಾರ ನೆನಪಿಗೂ ಬರುವುದಿಲ್ಲ. ರುಬ್ಬುವ ಕಲ್ಲಿನ ಮುಂದೆ ಕುಳಿತವರು, ಮೇಜು ಒರೆಸಿದವರು ನಮ್ಮ ಕರಾವಳಿಯಿಂದ ಘಟ್ಟ ಹತ್ತಿದ ಹುಡುಗರೇ ತಾನೆ? ಅವರ ಮನಿಯಾರ್ಡರಿಗೆ ಇಲ್ಲಿ ಕಾದು ಕುಳಿತ ತಾಯಂದಿರು ಆ ದೋಸೆಯ ರುಚಿಯನ್ನೇ ಕಂಡವರಲ್ಲ.