ತೀರ್ಪು ಯಾರದು? ವ್ಯಕ್ತಿಕೇಂದ್ರಿತ ಆಪ್ತಸಮಾಲೋಚನೆಯಲ್ಲಿ ಅಂತರಂಗದ ಅಧಿಕಾರ

ತನ್ನ ಬದುಕು ಯಾವ ಕಡೆ ಸಾಗಬೇಕೆಂದು ತೀರ್ಮಾನಿಸುವ ಹಕ್ಕೂ ಶಕ್ತಿಯೂ ಆ ಬದುಕನ್ನು ಬಾಳುತ್ತಿರುವ ವ್ಯಕ್ತಿಯಲ್ಲೇ ಇವೆ ಎಂಬುದು ವ್ಯಕ್ತಿಕೇಂದ್ರಿತ ಆಪ್ತಸಮಾಲೋಚನೆಯ ಮೂಲ ನಿಲುವು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902–1987) ಇದನ್ನು 1940ರ ದಶಕದಲ್ಲಿ ಮುಂದಿಟ್ಟಾಗ, ನೊಂದವರ ಮನಸ್ಸನ್ನು ಅವರಿಗಿಂತ ಚೆನ್ನಾಗಿ ತಜ್ಞರೇ ಬಲ್ಲರು ಎಂಬ ನಂಬಿಕೆ ಗಟ್ಟಿಯಾಗಿತ್ತು. ಮನೋವಿಶ್ಲೇಷಕರು ಕನಸಿಗೂ ಮೌನಕ್ಕೂ ಅರ್ಥ ಹೇಳುತ್ತಿದ್ದರು. ಶಾಲೆ, ಉದ್ಯೋಗಗಳ ಮಾರ್ಗದರ್ಶಕರು ಪರೀಕ್ಷೆ ನಡೆಸಿ ಸಲಹೆ ಕೊಡುತ್ತಿದ್ದರು. ಎರಡು ಕಡೆಯೂ ಕೊನೆಯ ಮಾತು ತಜ್ಞರದ್ದೇ.

ರೋಜರ್ಸ್ ಈ ನಿಲುವಿಗೆ ಬಂದದ್ದು ಪುಸ್ತಕಗಳಿಗಿಂತ ಹೆಚ್ಚಾಗಿ ಕೆಲಸದಿಂದ. 1928ರಿಂದ 1940ರವರೆಗೆ ಅವರು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಮಕ್ಕಳ ಸಮಸ್ಯೆಗಳನ್ನು ನೋಡುತ್ತಿದ್ದರು. ಹದ್ದುಮೀರಿದ ಒಬ್ಬ ಹುಡುಗನ ತೊಂದರೆಗೆ ತಾಯಿಯ ತಿರಸ್ಕಾರವೇ ಕಾರಣ ಎಂದು ನಂಬಿ, ಅದನ್ನು ಆಕೆಗೆ ಮನಗಾಣಿಸಲು ಎಷ್ಟು ಪ್ರಯತ್ನಿಸಿದರೂ ಫಲ ಸಿಗಲಿಲ್ಲ. ಇನ್ನು ಸಾಕೆಂದು ಇಬ್ಬರೂ ಒಪ್ಪಿ, ಆಕೆ ಬಾಗಿಲವರೆಗೆ ಹೋದವಳು ತಿರುಗಿ ನಿಂತು, ಇಲ್ಲಿ ದೊಡ್ಡವರಿಗೂ ಸಮಾಲೋಚನೆ ಕೊಡುತ್ತೀರಾ ಎಂದು ಕೇಳಿದಳು. ಮತ್ತೆ ಕುಳಿತು ತನ್ನ ದಾಂಪತ್ಯದ ಕಷ್ಟವನ್ನೆಲ್ಲ ತೋಡಿಕೊಂಡಳು. ಎಲ್ಲಿ ನೋಯುತ್ತಿದೆ, ಯಾವುದನ್ನು ಮೊದಲು ಮಾತಾಡಬೇಕು ಎಂಬುದು ನೊಂದವರಿಗೇ ಗೊತ್ತು ಎಂಬ ಪಾಠವನ್ನು ಅಲ್ಲಿ ಕಲಿತದ್ದಾಗಿ ರೋಜರ್ಸ್ ಮುಂದೆ ಬರೆದರು. ಮನುಷ್ಯನ ಇಚ್ಛಾಶಕ್ತಿಗೆ ಚಿಕಿತ್ಸೆಯಲ್ಲಿ ದೊಡ್ಡ ಸ್ಥಾನ ಕೊಟ್ಟ ಆಟೊ ರಾಂಕ್‌ನ ವಿಚಾರಗಳೂ ಅವರನ್ನು ಪ್ರಭಾವಿಸಿದವು.

ಆಮೇಲೆ ಕಟ್ಟಿದ ಸಿದ್ಧಾಂತದಲ್ಲಿ ಅಂತರಂಗದ ಅಧಿಕಾರ ಕಳೆದುಹೋಗುವ ಬಗೆಯ ವಿವರಣೆ ತುಂಬ ನಿಖರವಾಗಿದೆ. ಎಳೆಯ ಮಗು ಹಿತ, ಅಹಿತಗಳನ್ನು ತನ್ನ ಮೈಯ ಅನುಭವದಿಂದಲೇ ಅಳೆಯುತ್ತದೆ. ಆದರೆ ಅದಕ್ಕೆ ಹಿರಿಯರ ಪ್ರೀತಿ ಬೇಕು, ಆ ಪ್ರೀತಿಗೆ ಷರತ್ತುಗಳಿರುತ್ತವೆ. ಗಂಡು ಹುಡುಗ ಅಳಬಾರದು ಎಂದು ಕೇಳುತ್ತಲೇ ಬೆಳೆದವನು ತನ್ನ ದುಃಖವನ್ನು ದುಃಖವೆಂದು ಗುರುತಿಸುವುದನ್ನೇ ಮರೆಯುತ್ತಾನೆ. ಒಳ್ಳೆಯದು ಕೆಟ್ಟದ್ದನ್ನು ತೂಗುವ ತಕ್ಕಡಿ ಒಳಗಿನಿಂದ ಹೊರಗಿನವರ ಕೈಗೆ ಹೋಗುತ್ತದೆ. ಅದು ಮರಳಿ ಬರಬೇಕಾದರೆ ಷರತ್ತಿಲ್ಲದ ಸ್ವೀಕಾರ, ಎದುರಿನವರ ಅನುಭವವನ್ನು ಅವರ ನೆಲೆಯಿಂದಲೇ ಅರಿಯುವ ಪರಾನುಭೂತಿ, ಸಮಾಲೋಚಕರ ಒಳಗೂ ಹೊರಗೂ ಒಂದೇ ಆದ ನಡೆ ಇರಬೇಕು. 1957ರ ಪ್ರಸಿದ್ಧ ಪ್ರಬಂಧದಲ್ಲಿ ರೋಜರ್ಸ್ ಇವನ್ನು ಒಳಗೊಂಡ ಆರು ಷರತ್ತುಗಳನ್ನು ಪಟ್ಟಿ ಮಾಡಿ, ಬದಲಾವಣೆಗೆ ಇವು ಅಗತ್ಯ ಮಾತ್ರವಲ್ಲ, ಸಾಕು ಕೂಡ ಎಂದರು. ಇವು ನೆರವಾಗುತ್ತವೆ ಎಂಬುದಕ್ಕೆ ಸಿಕ್ಕಷ್ಟು ಬೆಂಬಲ, ಇವಷ್ಟೇ ಸಾಕು ಎಂಬುದಕ್ಕೆ ಸಂಶೋಧನೆಯಿಂದ ಸಿಕ್ಕಿಲ್ಲ.

ಈ ಪಂಥದ ಬಲ ಮತ್ತು ತೊಡಕು ಎರಡೂ 1960ರ ದಶಕದ ಮಧ್ಯದಲ್ಲಿ ತೆಗೆದ ಒಂದು ತರಬೇತಿ ಚಿತ್ರದಲ್ಲಿ ಒಟ್ಟಿಗೇ ಕಾಣುತ್ತವೆ. ವಿಚ್ಛೇದನ ಪಡೆದ ಯುವತಿಯೊಬ್ಬಳು ತನ್ನ ಖಾಸಗಿ ಸಂಬಂಧಗಳ ಬಗ್ಗೆ ಮಗಳಿಗೆ ಸುಳ್ಳು ಹೇಳಿದ್ದಾಳೆ. ನಿಜ ಹೇಳಬೇಕೇ ಬೇಡವೇ ಎಂದು ರೋಜರ್ಸ್ ಅವರಿಂದಲೇ ಉತ್ತರ ಬೇಡುತ್ತಾಳೆ. ಅವರು ಉತ್ತರ ಕೊಡುವುದಿಲ್ಲ, ಹಾಗೆಂದು ಪ್ರಶ್ನೆಯಿಂದ ನುಣುಚಿಕೊಳ್ಳುವುದೂ ಇಲ್ಲ. ಅದು ಆಕೆಯೇ ಕಂಡುಕೊಳ್ಳಬೇಕಾದ ಉತ್ತರ, ಹುಡುಕಾಟದಲ್ಲಿ ತಾನು ಜೊತೆಗಿರುತ್ತೇನೆ ಎಂಬ ಭಾವದಿಂದ ಆಲಿಸುತ್ತಾರೆ. ಅರ್ಧ ಗಂಟೆಯೊಳಗೆ ಆಕೆ ತನ್ನ ಮನಸ್ಸಿನ ಮಾತನ್ನು ನಂಬಿ ನಡೆದಾಗ ಸಿಗುವ ಸಮಾಧಾನವನ್ನು ತಾನೇ ವರ್ಣಿಸುತ್ತಾಳೆ. ಇಷ್ಟು ಸೂಕ್ಷ್ಮವಾಗಿ ಮತ್ತೊಬ್ಬರ ಸ್ವಾಯತ್ತತೆಯನ್ನು ಕಾಯ್ದ ಸಂಭಾಷಣೆಗಳು ವಿರಳ. ಆದರೆ ಕೊನೆಯ ಹೊತ್ತಿಗೆ, ನೀವು ನನ್ನ ತಂದೆಯಾಗಿದ್ದರೆ ಎಂದು ಆಕೆ ಹಂಬಲಿಸುತ್ತಾಳೆ. ನೀವು ಒಳ್ಳೆಯ ಮಗಳೆಂದೇ ನನಗೆ ಕಾಣುತ್ತೀರಿ ಎಂಬರ್ಥದ ಮಾತನ್ನು ರೋಜರ್ಸ್ ಹೇಳುತ್ತಾರೆ. ಮಾತು ಪ್ರಾಮಾಣಿಕವೇ. ಆದರೂ ಹಿರಿಯರ ಮೆಚ್ಚುಗೆಗಾಗಿ ಹಂಬಲಿಸುವ ಹಳೆಯ ಸ್ಥಾನಕ್ಕೆ ಆಕೆ ಮರಳಿದ್ದಾಳೆ, ಆ ಮೆಚ್ಚುಗೆಯೂ ದೊರೆತಿದೆ.

ಸಮಾಲೋಚಕರು ಅಧಿಕಾರ ಬಿಟ್ಟುಕೊಟ್ಟೆವು ಎಂದ ಮಾತ್ರಕ್ಕೆ ಅದು ಕೋಣೆಯಿಂದ ಹೊರಟುಹೋಗುವುದಿಲ್ಲ. 1957ರ ಏಪ್ರಿಲ್‌ನಲ್ಲಿ ಮಿಷಿಗನ್‌ನಲ್ಲಿ ನಡೆದ ಸಂವಾದದಲ್ಲಿ ದಾರ್ಶನಿಕ ಮಾರ್ಟಿನ್ ಬೂಬರ್ ಇದನ್ನೇ ಎತ್ತಿ ತೋರಿಸಿದರು: ನೆರವು ಬೇಡಿ ಬಂದವರೂ ನೆರವು ಕೊಡುವವರೂ ಆ ಸನ್ನಿವೇಶದಲ್ಲಿ ಸಮಾನರಲ್ಲ. ರೋಜರ್ಸ್ ಒಪ್ಪಲಿಲ್ಲ. ಆದರೆ ಅವರದೇ ಶಿಬಿರಕ್ಕೆ ಸೇರಿದ್ದ ಚಾರ್ಲ್ಸ್ ಟ್ರೂಆಕ್ಸ್ 1966ರಲ್ಲಿ ಬೂಬರ್ ಮಾತಿಗೆ ಬಲ ಕೊಟ್ಟರು. ರೋಜರ್ಸ್ ನಡೆಸಿದ ಒಂದು ದೀರ್ಘ ಚಿಕಿತ್ಸೆಯ ಧ್ವನಿಮುದ್ರಣಗಳನ್ನು ವಿಶ್ಲೇಷಿಸಿದಾಗ, ಕ್ಲೈಂಟ್ ಆಡುವ ಕೆಲವು ಬಗೆಯ ಮಾತುಗಳಿಗೆ ಹೆಚ್ಚು ಆತ್ಮೀಯತೆ, ಇನ್ನು ಕೆಲವಕ್ಕೆ ಕಡಿಮೆ ಸಿಗುತ್ತಿದ್ದುದು ಕಂಡಿತು. ಅರಿವಿಲ್ಲದೆಯೇ ಸ್ವೀಕಾರಕ್ಕೆ ಷರತ್ತು ಸೇರಿಕೊಂಡಿತ್ತು.

ವಿಸ್ಕಾನ್ಸಿನ್‌ನ ಮಾನಸಿಕ ಆಸ್ಪತ್ರೆಯಲ್ಲಿ ಸ್ಕಿಜೊಫ್ರೇನಿಯಾ ರೋಗಿಗಳೊಂದಿಗೆ ರೋಜರ್ಸ್ ತಂಡ ನಡೆಸಿದ, 1967ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಕಠಿಣ ಪರೀಕ್ಷೆಯಾಯಿತು. ಆ ರೋಗಿಗಳು ತಾವಾಗಿ ನೆರವು ಕೇಳಿ ಬಂದವರಲ್ಲ. ಹಲವರಿಗೆ ಮಾತೇ ಬೇಡವಾಗಿತ್ತು. ನಿರೀಕ್ಷಿಸಿದ ಫಲಿತಾಂಶ ಬರಲಿಲ್ಲ. ಅಲ್ಲಿನ ಧ್ವನಿಮುದ್ರಣಗಳನ್ನು ಕೇಳಿದ ಮನಶ್ಶಾಸ್ತ್ರಜ್ಞ ರೊಲೊ ಮೇ, ರೋಗಿಗಳ ಕೋಪ ಮತ್ತು ಹಗೆತನಕ್ಕೆ ಚಿಕಿತ್ಸಕರು ಸರಿಯಾಗಿ ಸ್ಪಂದಿಸುತ್ತಿರಲಿಲ್ಲ ಎಂದು ಮುಂದೆ ಬರೆದರು. ಇದು ಈ ಪಂಥದ ಮೇಲಿನ ಅತ್ಯಂತ ಗಂಭೀರ ಟೀಕೆ. ಎದುರು ಕುಳಿತವರನ್ನು ವಿರೋಧಿಸಲು ಅವಕಾಶವಿಲ್ಲದ ಕಡೆ ಸ್ವಾಯತ್ತತೆ ಅರೆಬರೆಯೇ. ಅದೇ ಅಧ್ಯಯನದಲ್ಲಿ ದುಡಿದ ಯೂಜೀನ್ ಜೆಂಡ್ಲಿನ್ ಬೇರೊಂದು ದಾರಿ ಹಿಡಿದರು. ಒಳಗಿನ ದನಿಯನ್ನು ನಂಬು ಎಂದರೆ ಸಾಲದು, ಅಸ್ಪಷ್ಟವಾಗಿ ಮೈಯಲ್ಲಿ ಮೂಡುವ ಅನಿಸಿಕೆಗೆ ಗಮನ ಕೊಡುವುದನ್ನು ಕಲಿಸಬೇಕು ಎಂದು 1978ರ ‘ಫೋಕಸಿಂಗ್’ ಪುಸ್ತಕದಲ್ಲಿ ವಿಧಾನವನ್ನೇ ವಿವರಿಸಿದರು. ಕಲಿಸುವುದೆಂದರೆ ದಾರಿ ತೋರಿಸುವುದೇ ಅಲ್ಲವೇ ಎಂಬ ಜಗಳ ಪಂಥದೊಳಗೆ ಬಹುಕಾಲ ನಡೆದಿದೆ.

ಎಲ್ಲ ಜೀವಿಗಳಲ್ಲೂ ಬೆಳವಣಿಗೆಯತ್ತ ತುಡಿತವಿದೆ ಎಂಬುದು ರೋಜರ್ಸ್ ಅವರ ಆಧಾರ. ನೆಲಮಾಳಿಗೆಯ ಕತ್ತಲಲ್ಲೂ ಕಿಟಕಿಯ ಬೆಳಕಿನ ಕಡೆ ಮೊಳಕೆ ಚಾಚುತ್ತಿದ್ದ ಆಲೂಗಡ್ಡೆಗಳನ್ನು ಅವರು ಇದಕ್ಕೆ ನಿದರ್ಶನವಾಗಿ ಕೊಡುತ್ತಿದ್ದರು. ಆಲೂಗಡ್ಡೆಗೆ ಎರಡು ವಿರುದ್ಧ ಆಸೆಗಳಿಲ್ಲ, ಮನುಷ್ಯರಿಗಿವೆ. ಹೀಗಾಗಿ ಅಂತರಂಗದ ಅಧಿಕಾರವೆಂಬುದು ಜೀವವಿಜ್ಞಾನದ ಸತ್ಯವಾಗಿ ನಿಲ್ಲುವುದಕ್ಕಿಂತ, ಇನ್ನೊಬ್ಬರ ಬದುಕಿನ ಮೇಲೆ ಒಡೆತನ ಸಾಧಿಸಬಾರದೆಂಬ ನೈತಿಕ ನಿಲುವಾಗಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ.

ಭಾರತದಲ್ಲಿ ಈ ಚರ್ಚೆಗೆ ಮತ್ತೊಂದು ಮುಖವಿದೆ. ಮನೋವೈದ್ಯ ಜೆ. ಎಸ್. ನೇಕಿ 1973ರ ಲೇಖನದಲ್ಲಿ ಗುರು–ಚೇಲಾ ಸಂಬಂಧವೇ ಇಲ್ಲಿನ ಚಿಕಿತ್ಸೆಗೆ ಮಾದರಿಯಾಗಬಹುದೇ ಎಂದು ಪರಿಶೀಲಿಸಿದರು. ಇಲ್ಲಿ ಅನೇಕರು ಬರುವುದೇ ದಾರಿ ಕೇಳಲು, ನಿಜ. ಆದರೆ ಅದನ್ನೇ ನೆಪ ಮಾಡಿಕೊಂಡು ಉಪದೇಶಕ್ಕೆ ಇಳಿಯುವುದು ತಪ್ಪು. ಮದುವೆಯ ವಿಷಯದಲ್ಲಿ ಗೊಂದಲಕ್ಕೆ ಬಿದ್ದ ಹುಡುಗಿಗೆ ಮನೆಯವರ ಮಾತು ಕೇಳು ಎನ್ನುವ ಸಮಾಲೋಚಕರು ಆಕೆಯ ಅಧಿಕಾರವನ್ನು ಕಸಿಯುತ್ತಾರೆ. ಅಪ್ಪ ಅಮ್ಮನನ್ನು ಲೆಕ್ಕಿಸದೆ ಒಬ್ಬಳೇ ನಿರ್ಧರಿಸು ಎನ್ನುವವರು ಮಾಡುವುದೂ ಅದನ್ನೇ. ಅಪ್ಪ ಅಮ್ಮನ ಮಾತಿಗೆ ತನ್ನ ಮನಸ್ಸಿನಲ್ಲಿ ಎಷ್ಟು ತೂಕ ಕೊಡಬೇಕೆಂಬ ತೀರ್ಮಾನವೂ ಆಕೆಯದೇ.